ಸಂಕಪ್ಪ ಎಳೆದ ಗೀಟು

ಸಂಕಪ್ಪ ಸಾಲಿಯಾನ್ ಯಾರ ತಲೆ ಒಡೆದವನೂ ಅಲ್ಲ, ಯಾರ ಬಟ್ಟಲಿಗೂ ಬೇಕೆಂದೇ ಮಣ್ಣು ಹಾಕಿದವನೂ ಅಲ್ಲ. ಅವನು ಮಾಡಿದ್ದು ಇಷ್ಟು: ಒಂದು ಫಾರಮಿನ ಒಂದು ಖಾನೆಯಲ್ಲಿ ಒಂದು ಗೀಟು ಎಳೆದ. ಗುಮಾಸ್ತರಾದವರು ದಿನಕ್ಕೆ ನೂರು ಗೀಟು ಎಳೆಯುತ್ತಾರೆ, ಸಂಜೆ ಮನೆಗೆ ಹೋಗಿ ಉಂಡು ಮಲಗುತ್ತಾರೆ. ಅವನೂ ಉಂಡು ಮಲಗಿದ. ನನಗೆ ಸಿಟ್ಟು ಬರುವುದು ಅದಕ್ಕೇ. ಯಾಕೆಂದರೆ ಆ ಗೀಟು ಏನೆಂದು ಅರ್ಥವಾಗಬಹುದಾದ ಮನುಷ್ಯ ಆ ಕಂಪನಿಯಲ್ಲಿ ಯಾರಾದರೂ ಇದ್ದಿದ್ದರೆ ಅದು ಅವನೊಬ್ಬನೇ.

ಅವನು ಒಮಾನಿಗೆ ಬಂದದ್ದು ಎಂಬತ್ತಮೂರರಲ್ಲಿ. ಮಂಗಳೂರಿನ ಬಡಗಿನ ಮೊಗವೀರರ ಹುಡುಗ, ಅಜ್ಜನ ಕಾಲದಿಂದ ರಂಪಣಿ ಬಲೆಯಲ್ಲಿ ಪಾಲಿದ್ದ ಮನೆ. ಪಿಯುಸಿ ಆಗಿತ್ತು, ಟೈಪಿಂಗ್ ಬರುತ್ತಿತ್ತು. ಸೂರ್ ಪಟ್ಟಣದಿಂದ ಒಂದು ತಾಸು ಜಲ್ಲಿ ದಾರಿಯಲ್ಲಿ ಹೋದರೆ ಸಿಗುವ ಖೋರ್ ಸಿದ್ರಾ ಎಂಬ ಹಳ್ಳಿಯಲ್ಲಿ ಅವನಿಗೆ ವೀಸಾ ಕೊಟ್ಟ ಕಫೀಲನದ್ದೊಂದು ಮೀನಿನ ಕೋಲ್ಡ್ ಸ್ಟೋರೇಜ್ ಇತ್ತು. ದಡಕ್ಕೆ ಬಂದ ಮೀನನ್ನು ಐಸ್ ಪೆಟ್ಟಿಗೆಗೆ ತುಂಬಿಸಬೇಕು, ಪೆಟ್ಟಿಗೆಗೊಂದು ಚೀಟಿ ಕಟ್ಟಿ ಸಹಿ ಹಾಕಬೇಕು, ಮಸ್ಕತ್ತಿನ ಲಾರಿಗೆ ಹತ್ತಿಸಬೇಕು. ಕೆಲಸ ಅಷ್ಟೇ. ಅವನ ಸಹಿ ಒಂದು ನೋಡುವಂಥದ್ದು. ಮೊದಲ ಅಕ್ಷರವನ್ನು ಅಡ್ಡ ಮಲಗಿಸಿ, ಹೊಟ್ಟೆ ಉಬ್ಬಿಸಿ, ಕೊನೆಯಲ್ಲಿ ಬಾಲದ ಹಾಗೆ ಎರಡು ಕವಲು ಮಾಡುತ್ತಿದ್ದ. ಬಲೆ ಒಣಗಿಸುತ್ತಿದ್ದ ಮೈಮುನಾ ಅದನ್ನು ನೋಡಿ ಬಿದ್ದು ಬಿದ್ದು ನಕ್ಕಿದ್ದಳು. "ನೋಡಿರೇ, ಈ ಹಿಂದೂಸ್ತಾನದವನು ತನ್ನ ಹೆಸರು ಬರೆಯುವಲ್ಲಿಯೂ ಮೀನು ಬರೆಯುತ್ತಾನೆ!" ಅಕ್ಷರ ಬಾರದ ಆ ಊರಿನ ಹೆಂಗಸರಿಗೆಲ್ಲ ಅವನ ಮೀನು ಮಾತ್ರ ಓದಲಿಕ್ಕೆ ಬಂತು.

ಮೈಮುನಾಳ ಗಂಡ ಮಹಮೂದ್. ಹರೆಯದಲ್ಲಿ ಖರ್ಜೂರ ತುಂಬಿದ ಹಾಯಿ ಹಡಗಿನಲ್ಲಿ ಮಂಗಳೂರಿಗೆ ಹೋಗಿ ಹೆಂಚು ಹೇರಿಕೊಂಡು ಬರುತ್ತಿದ್ದವನು. ಹೊಸ ಗುಮಾಸ್ತ ಮಂಗಳೂರಿನವನೆಂದು ಗೊತ್ತಾದ ದಿನ ಎರಡೂ ಕೈ ಹಿಡಿದು ಬಿಡಲೇ ಇಲ್ಲ. ಬೊಂಬಾಯಿ ಹಿಂದಿಗೆ ಅರಬ್ಬಿ ಸೇರಿಸಿ ಮಾತಾಡುತ್ತಿದ್ದ, ಸಂಕಪ್ಪನೂ ಬೇಗನೆ ಅದೇ ಭಾಷೆಗೆ ಬಂದ. "ಯಾ ಮಂಗಲೂರಿ, ನಿಮ್ಮ ಹೊಳೆಯ ಬಾಯಲ್ಲಿ ಮರಳು ಈಗಲೂ ಹಾಗೇ ಕಟ್ಟುತ್ತದಾ? ನಮ್ಮ ಹಡಗನ್ನು ಮೂರು ದಿನ ಹಿಡಿದಿಟ್ಟಿತ್ತು, ಹಾಳಾದ್ದು!"

ಶುಕ್ರವಾರ ರಜೆ. ಆ ದಿನ ಸಂಕಪ್ಪ ಪ್ಯಾಂಟು ಮೇಲೆ ಮಡಚಿ ಅವರೊಂದಿಗೆ ಎಳೆಬಲೆಯ ಹಗ್ಗ ಹಿಡಿಯುತ್ತಿದ್ದ. ಅವನ ಊರಿನಲ್ಲಿ ದೊಡ್ಡ ಬೋಟುಗಳು ಬಂದು ರಂಪಣಿ ಸತ್ತೇಹೋಗಿತ್ತು. ಇಲ್ಲಿ ಅದೇ ಹಗ್ಗ, ಅದೇ ಎಳೆತ, ಬೆಳ್ಳಗೆ ಮಿರಿಮಿರಿ ಬೂತಾಯಿ ಮೀನು. ಮೊದಲ ಸಲ ಹಗ್ಗ ಹಿಡಿದಾಗ ಅವನಿಗೆ ಅಳು ಬಂದಿತ್ತು. ಹಗ್ಗ ಹಿಡಿದವನಿಗೆಲ್ಲ ಪಾಲು, ಪರದೇಶಿಗೂ ಪಾಲು. ಬಲೆ ಬೀಸುವುದಕ್ಕೆ ಸರದಿ ಉಂಟು: ಇವತ್ತು ಮೊದಲ ಬಲೆ ಈ ಮನೆಯದ್ದಾದರೆ ನಾಳೆ ಆ ಮನೆಯದ್ದು. ಅಜ್ಜಂದಿರಿಂದ ಬಂದ ಲೆಕ್ಕ. ಕಾಗದದಲ್ಲಿ ಒಂದಕ್ಷರ ಇಲ್ಲ, ತಪ್ಪಿದವನು ಮಾತ್ರ ಒಬ್ಬನೂ ಇಲ್ಲ. ಆದರೆ ದಡವನ್ನು 'ನನ್ನದು' ಎಂದು ಯಾರೂ ಬಾಯಿಬಿಟ್ಟು ಹೇಳುವಂತಿಲ್ಲ. ಹೇಳಿದರೆ ಮೀನು ಮುಖ ತಿರುಗಿಸುತ್ತದೆ ಎಂಬ ಹೆದರಿಕೆ. ಯಾರದ್ದೆಂದು ಕೇಳಿದರೆ ಬರುವುದು ಒಂದೇ ಉತ್ತರ: "ಅಲ್ಲಾಹನದು."

ಇದು ಸಂಕಪ್ಪನಿಗೆ ಹೊಸದೇನಲ್ಲ. ಅವನ ಹೆಂಡತಿ ಉಮಾವತಿಯ ತವರಿನವರೂ ಹಾಗೇ ಹೇಳಿ ಕೆಟ್ಟವರು. ಅಲ್ಲಿ ದೊಡ್ಡ ಕಟ್ಟೋಣವೊಂದಕ್ಕೆ ಕಡಲಕರೆ, ಅಂದರೆ ಕಡಲಿನ ದಡ, ಅಳೆಯುವಾಗ ಒಬ್ಬ ಗುಮಾಸ್ತ ಬಂದು, ಈ ಕರೆ ಯಾರದ್ದು ಎಂದು ಕೇಳಿದ್ದ. ಉಮಾವತಿಯ ತಾಯಿ ಕೈಮುಗಿದು, "ಕಡಲಮ್ಮನದು ಸ್ವಾಮೀ" ಅಂದಿದ್ದಳು. ಅವನು ಅದೇನು ಬರೆದುಕೊಂಡನೋ, ಆರು ತಿಂಗಳಿಗೆ ಕರೆಗೆ ಬೇಲಿ ಬಿತ್ತು. ಆವತ್ತಿನಿಂದ ಆಕೆ ಮೀನು ಕೊಯ್ಯಲು ಕೂತಾಗಲೆಲ್ಲ, "ಆ ಬರೆದವನ ಕೈಗೆ ಹುಳ ಬೀಳಲಿ" ಎಂದು ಶಪಿಸುತ್ತಿದ್ದಳು. ಎಂಬತ್ತೈದರಲ್ಲಿ ಮದುವೆಯಾದ ಸಂಕಪ್ಪ ರಜೆಗೆ ಹೋದಾಗ ಪಕ್ಕದಲ್ಲಿ ಕೂತು ತಮಾಷೆ ಮಾಡುತ್ತಿದ್ದ. "ಬೀಳ್ಲಿ ಅತ್ತೆ, ದೊಡ್ಡ ಹುಳವೇ ಬೀಳ್ಲಿ!"

ತೊಂಬತ್ತರ ನಂತರ ಗುಡ್ಡದ ಆಚೆ ಗ್ಯಾಸ್ ಕಂಪನಿ ಬಂತು. ನೆಲದಡಿಯ ಗ್ಯಾಸನ್ನು ತಣ್ಣಗೆ ಮಾಡಿ, ನೀರು ಮಾಡಿ, ಹಡಗಿಗೆ ತುಂಬಿಸಿ ದೂರದೇಶಕ್ಕೆ ಮಾರುವುದಂತೆ. ಗುಡ್ಡ ದಾಟಿ ಬರುವುದಿಲ್ಲ ಎಂದು ಹಳ್ಳಿಯವರಿಗೆ ಕಾಫಿ ಕುಡಿಯುತ್ತಲೇ ಮಾತು ಕೊಟ್ಟಿದ್ದರು. ತೊಂಬತ್ತಾರರಲ್ಲಿ ಯೋಜನೆ ಉಬ್ಬಿತು; ಇನ್ನೊಂದು ಜೆಟ್ಟಿ ಬೇಕಾಯಿತು, ಅದಕ್ಕೆ ಸಿಕ್ಕಿದ್ದು ಬಲೆ ಎಳೆಯುವ ದಡ. ಕೆಂಪು ರಿಬ್ಬನ್ನಿನ ಗೂಟಗಳು ಬಂದವು. ಮೈಮುನಾ ಉಳಿದ ಹೆಂಗಸರನ್ನು ಕಟ್ಟಿಕೊಂಡು ಹೋಗಿ ಒಂದೊಂದನ್ನೇ ಕಿತ್ತು ತಂದು ಮನೆಯಂಗಳದಲ್ಲಿ ಹುಗಿದು ಆಡು ಕಟ್ಟಿದಳು. ಗಂಡಸರು ಮೂರು ವಾರ ಸೂರ್‌ಗೆ ಹೋಗಿ ವಾಲಿಯ ಕಚೇರಿಯಲ್ಲಿ ಕೂತರು. ವಾಲಿ ಎಂದರೆ ಸರ್ಕಾರದ ಕಡೆಯಿಂದ ಆ ಸೀಮೆ ನೋಡಿಕೊಳ್ಳುವವರು. ಅವರು ಮರ್ಯಾದೆಯಿಂದ ಕೇಳಿದರು, ಖರ್ಜೂರ ಕೊಟ್ಟರು, ದಡದ ಮೇಲೆ ಯಾರಿಗೆ ಏನು ಹಕ್ಕಿದೆಯೋ ಪಟ್ಟಿ ಬರಲಿ, ನೋಡೋಣ ಎಂದರು.

ಆ ಪಟ್ಟಿ ಮಾಡುವ ಕೆಲಸ ಬಂದದ್ದು ನಮ್ಮ ಸಂಕಪ್ಪನ ಕೈಗೆ. ಅಷ್ಟರಲ್ಲಿ ಕಫೀಲ್ ಕೋಲ್ಡ್ ಸ್ಟೋರೇಜಿಗೆ ಬೀಗ ಹಾಕಿ ಗ್ಯಾಸ್ ಕಂಪನಿಯ ಕಾಂಟ್ರಾಕ್ಟ್ ಹಿಡಿದಿದ್ದ. ಸಂಕಪ್ಪ ಸೈಟ್ ಆಫೀಸಿನ ಗುಮಾಸ್ತನಾಗಿದ್ದ. ಮಹಮೂದ್ ಕುಣಿದಾಡಿದ. "ನಮ್ಮ ಮಂಗಲೂರಿಯೇ ಬರೆಯುತ್ತಾನಂತೆ! ಅವನಿಗೆ ಹೇಳಿಕೊಡಬೇಕಾ? ಅವನೇ ಹಗ್ಗ ಹಿಡಿದವನು."

ನಲವತ್ತೊಂದು ಮನೆ. ಫಾರಮಿನಲ್ಲಿ ಒಂದು ಖಾನೆ: ಜಾಗದ ಹಕ್ಕುದಾರರು ಯಾರು, ಅದಕ್ಕೆ ದಾಖಲೆ ಏನು. ನಲವತ್ತೊಂದು ಮನೆಯವರೂ, "ಅಲ್ಲಾಹನದು" ಅಂದರು. ಸಂಕಪ್ಪ ಅದನ್ನು ಬೇರೆ ಹಾಳೆಯಲ್ಲಿ ಬರೆದುಕೊಂಡ. ಸರದಿಯ ಕ್ರಮವನ್ನೂ ಮನೆ ಮನೆಯ ಹೆಸರಿನೊಂದಿಗೆ ಚಂದವಾಗಿ ಬರೆದ. ಇಲ್ಲ ಎನ್ನಬಾರದು, ಅಷ್ಟು ಮಾಡಿದ. ಆಮೇಲೆ ಸೈಟ್ ಆಫೀಸಿನ ಮೇಲಧಿಕಾರಿ ಫೌಸ್ಟಿನ್ ಪರ್ಬುಗಳ ಎದುರು ಇಟ್ಟ. ಫೌಸ್ಟಿನ್ ಮಂಗಳೂರಿನ ಬಡಗಿನ ಶಿರ್ವದ ಕಡೆಯವರು, ಕೆಟ್ಟವರೇನಲ್ಲ, ತನ್ನ ಪಾಡಿಗೆ ತಾನಿರುವ ಮನುಷ್ಯ.

"ಇದೆಂತ ಮಾರಾಯಾ, ಕತೆ ಬರ್ದು ತಂದಿದ್ದೀ?" ಎಂದರು ಫೌಸ್ಟಿನ್. "ಡಾಕ್ಯುಮೆಂಟ್ ಉಂಟಾ?"

"ಇಲ್ಲ ಪರ್ಬುಗಳೇ. ಆದ್ರೆ ಸರದಿ ಉಂಟಲ್ಲ. ನಮ್ಮಲ್ಲಿ ರಂಪಣಿಗೆ ಇದ್ದ ಹಾಗೇ..."

"ರಂಪಣಿ ನಿನ್ನ ಊರಲ್ಲಿ. ಇಲ್ಲಿ ಡಾಕ್ಯುಮೆಂಟ್ ಇಲ್ಲದಿದ್ರೆ ಎಂತ ಹಾಕ್ತಾರೆ? ಗೀಟು ಹಾಕ್ತಾರೆ. ಹೊಸತಾ ನಿನಗೆ?" ಆಮೇಲೆ ದನಿ ಇಳಿಸಿದರು. "ನೋಡು, ಫ್ಯಾಮಿಲಿ ವೀಸಾ ಕೇಳಿ ನಾಲ್ಕು ವರ್ಷ ಆಯ್ತಲ್ಲ ನೀನು? ಕಫೀಲ್ ನಿನ್ನೆ ನನ್ನತ್ರ ಹೇಳಿದ್ರು, ಈ ಪಟ್ಟಿ ಗುರುವಾರದೊಳಗೆ ಕ್ಲೀನಾಗಿ ಬಂದ್ರೆ ಸಂಕಪ್ಪನ ಹೆಂಡತಿಯ ಪೇಪರಿಗೆ ಸಹಿ ಹಾಕ್ತೇನೆ ಅಂತ. ಮತ್ತೆ ನಿನ್ನಿಷ್ಟ."

ನಿನ್ನಿಷ್ಟವಂತೆ! ಹನ್ನೊಂದು ವರ್ಷದ ಮದುವೆಯಲ್ಲಿ ಸಂಕಪ್ಪ ಹೆಂಡತಿಯ ಜೊತೆ ಇದ್ದದ್ದು ಎಲ್ಲ ಸೇರಿಸಿದರೆ ಒಂದು ವರ್ಷವೂ ಇಲ್ಲ. ಅವನ ಆಸೆ ಸುಳ್ಳು ಎನ್ನಲು ನನಗೆ ಬಾಯಿ ಬರುವುದಿಲ್ಲ. ಬುಧವಾರ ಮಧ್ಯಾಹ್ನ ಕೂತು, ಸ್ಕೇಲ್ ಇಟ್ಟು, ಆ ಖಾನೆಯಲ್ಲಿ ನಲವತ್ತೊಂದು ಮನೆಗೂ ಸೇರುವಂತೆ ಮೇಲಿಂದ ಕೆಳಗೆ ಒಂದೇ ಗೀಟು ಎಳೆದ. ಕೆಳಗೆ ಸಹಿ ಹಾಕಿದ. ಸರದಿಯ ಹಾಳೆಯನ್ನು ಮಡಚಿ ಡ್ರಾಯರಿನ ತಳಕ್ಕೆ ಹಾಕಿದ. ಸುಳ್ಳು ಬರೆದಿಲ್ಲವಲ್ಲ, ಏನನ್ನೂ ಬರೆಯಲೇ ಇಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅದು ಅಕ್ಟೋಬರ್. ನವೆಂಬರಿನಲ್ಲಿ ವೀಸಾ ಆಯಿತು.

ಡಿಸೆಂಬರಿನಲ್ಲಿ ಬೇಲಿ ಬಂತು. ಹಳ್ಳಿಯವರು ಹಳೆಯ ದೋಣಿಗಳನ್ನೆಲ್ಲ ಎಳೆದು ತಂದು ಬುಲ್ಡೋಜರಿನ ದಾರಿಗೆ ಅಡ್ಡ ಇಟ್ಟರು. ಮುದುಕರು ದೋಣಿಯೊಳಗೆ ಕೂತೇ ನಮಾಜು ಮಾಡಿದರು. ನಾಲ್ಕನೆಯ ದಿನ ದೋಣಿಗಳನ್ನು ಕ್ರೇನಿನಲ್ಲಿ ಎತ್ತಿ ಆಚೆ ಇಟ್ಟರು. ವಾಲಿಗೆ ಕೊಟ್ಟ ಅರ್ಜಿಗೆ ಫೆಬ್ರವರಿಯಲ್ಲಿ ಉತ್ತರ ಬಂತು, ಹಿಂದೆ ಒಂದು ಇಂಗ್ಲಿಷ್ ಕಾಗದ ಲಗತ್ತಾಗಿತ್ತು. ಮಹಮೂದ್ ಅದನ್ನು ಓದಿಸಲು ಸಂಕಪ್ಪನನ್ನೇ ಮನೆಗೆ ಕರೆಸಿದ. ಇನ್ನಾರನ್ನು ಕರೆಸಬೇಕು ಹೇಳಿ!

ಸಂಕಪ್ಪ ಕಾಗದ ಬಿಡಿಸಿದರೆ ತನ್ನದೇ ಪಟ್ಟಿ.

"ಓದು, ಮಂಗಲೂರಿ."

"ದಡಕ್ಕೆ... ಹಕ್ಕುದಾರರು ಯಾರೂ ಇಲ್ಲ ಅಂತ ಇದೆ."

"ಇಲ್ಲವಾ? ನಾವೆಲ್ಲ ಹೇಳಿದೆವಲ್ಲ. ಹಾಗಂತ ಬರೆದವನು ಯಾರು?"

"ಕಂಪನಿಯವರು," ಎಂದ ಸಂಕಪ್ಪ.

ಕಾಫಿ ಬಗ್ಗಿಸಲು ಬಂದ ಮೈಮುನಾ ಅವನ ಹೆಗಲ ಮೇಲಿಂದ ಬಾಗಿ ಕಾಗದ ನೋಡಿದಳು. ಹದಿಮೂರು ವರ್ಷದಿಂದ ನೋಡುತ್ತಿದ್ದವಳು. ಕೆಳಮೂಲೆಯ ಮೇಲೆ ಬೆರಳಿಟ್ಟು, "ಮೀನು," ಎಂದಳು.

ಮಹಮೂದ್ ಬೈಯಲಿಲ್ಲ. ಬೈದಿದ್ದರೆ ಸಂಕಪ್ಪ ಅತ್ತು, ಕಾಲು ಹಿಡಿದು, ಹೇಗೋ ಹಗುರಾಗುತ್ತಿದ್ದ. ಮುದುಕ ಕಾಗದವನ್ನು ಮಡಚಿ ಒಳಗಿಟ್ಟುಕೊಂಡ, ಅತಿಥಿಯ ಕಾಫಿ ಮುಗಿಯುವವರೆಗೆ ಎದುರು ಕೂತ, ಬಾಗಿಲವರೆಗೆ ಬಂದು ಬೀಳ್ಕೊಟ್ಟ. ಅಂದಿನಿಂದ ದಾರಿಯಲ್ಲಿ ಸಿಕ್ಕಿದರೆ ಸಲಾಂ ಹೇಳುತ್ತಿದ್ದ, ಆರೋಗ್ಯ ವಿಚಾರಿಸುತ್ತಿದ್ದ. ಮಂಗಲೂರಿ ಎಂದು ಮಾತ್ರ ಕರೆಯಲಿಲ್ಲ.

ಉಮಾವತಿ ಬಂದದ್ದು ಮೇ ತಿಂಗಳಲ್ಲಿ, ಹಿಂದಿನ ವರ್ಷ ತೀರಿಕೊಂಡ ತಾಯಿಯ ವರ್ಷದ ಕಾರ್ಯ ಮುಗಿಸಿಕೊಂಡು. ಸೂಟ್‌ಕೇಸಿನಲ್ಲಿ ಮಹಮೂದನ ಮನೆಗೆಂದೇ ಹಲಸಿನ ಹಪ್ಪಳದ ಕಟ್ಟು. ಹನ್ನೊಂದು ವರ್ಷ ಗಂಡನ ಕಾಗದಗಳಲ್ಲಿ ಓದಿದ ಮುದುಕನನ್ನು ಕಣ್ಣಾರೆ ನೋಡಬೇಕಿತ್ತು ಅವಳಿಗೆ. ಸಂಕಪ್ಪ ಮೂರು ವಾರ ನೆಪ ಹೇಳಿದ: ಬಿಸಿಲು, ಓವರ್‌ಟೈಮ್, ಕಾರಿಲ್ಲ.

"ನಿಮಗೆಂತ ಆಗಿದೆ?" ಎಂದಳು ಉಮಾವತಿ. "ಹಪ್ಪಳಕ್ಕೆ ಹುಳ ಬಿದ್ದ ಮೇಲೆ ಕೊಡ್ಲಿಕ್ಕಾ? ಇವತ್ತು ಹೋಗುದೇ."

ಹೋದರು. ಮಹಮೂದನ ಹೊಸ್ತಿಲಿನಿಂದ ಇಪ್ಪತ್ತು ಹೆಜ್ಜೆಗೆ ಬೇಲಿ, ಬೇಲಿಯ ಆಚೆ ಕಡಲು. ಮೈಮುನಾ ಉಮಾವತಿಯ ಕೈ ಹಿಡಿದು ಒಳಗೆ ಕರೆದಳು, ಖರ್ಜೂರ ಇಟ್ಟಳು, ಹಪ್ಪಳದ ಕಟ್ಟನ್ನು ಮೂಗಿಗೆ ಹಿಡಿದು ನೋಡಿದಳು. ಉಮಾವತಿಯ ಕಣ್ಣು ಮಾತ್ರ ಕಿಟಕಿಯ ಆಚೆಗೇ ಹೋಗುತ್ತಿತ್ತು.

"ಇಲ್ಲಿಯೂ ಬೇಲಿಯಾ!" ಎಂದಳು ಗಂಡನಿಗೆ. "ಥೂ, ಇವರ ವಂಶ ಹಾಳಾಗ್ಲಿಕ್ಕೆ. ಈ ಕರೆ ಯಾರದ್ದಾಗಿತ್ತು? ಕೇಳಿ ಅವರತ್ರ."

"ಅದೆಲ್ಲ ಈಗ ಯಾಕೆ?"

"ಕೇಳಿ ಅಂದೆ."

ಸಂಕಪ್ಪ ತಲೆ ತಗ್ಗಿಸಿ ಕೇಳಿದ. ಹೆಂಡತಿ ಕೇಳುತ್ತಿದ್ದಾಳೆ, ದಡ ಯಾರದ್ದೆಂದು. ಮಹಮೂದ್ ಉಮಾವತಿಯನ್ನೇ ನೋಡಿದ. ತೋರುಬೆರಳನ್ನು ಜಮಖಾನೆಯ ಮೇಲಿಟ್ಟು ಮೇಲಿಂದ ಕೆಳಗೆ ಉದ್ದಕ್ಕೆ ಎಳೆದ. ನೇರವಾದ ಒಂದು ಗೀಟು.

"ಎಂತ ಅದು? ಎಂತ ಹೇಳಿದ್ರು ಅವರು?"

ಈ ಸಲವೂ ಕಂಪನಿಯವರ ಹೆಸರು ಹೇಳಬಹುದಿತ್ತು. ಆದರೆ ಮೈಮುನಾಳ ಕಣ್ಣು ತನ್ನ ಮೇಲಿದೆ ಎಂದು ಅವನಿಗೆ ಗೊತ್ತಿತ್ತು.

"ನಾನು ಬರೆದದ್ದು," ಎಂದ. "ಯಾರದ್ದು ಅಂತ ಕೇಳಿದಲ್ಲಿ ನಾನು ಗೀಟು ಎಳೆದೆ."

ಉಮಾವತಿ ಕಾಫಿ ಬಟ್ಟಲನ್ನು ಕೆಳಗಿಟ್ಟಳು.

"ಯಾವ ತಿಂಗಳಲ್ಲಿ?"

"ಅಕ್ಟೋಬರ್."

"ನನ್ನ ವೀಸಾ ಆಯ್ತು ಅಂತ ನೀವು ಫೋನ್ ಮಾಡಿದ್ದು ನವೆಂಬರ್ ಅಲ್ವಾ?"

ಅವಳು ಎದ್ದು ಮೈಮುನಾಳ ಎರಡೂ ಕೈಗಳನ್ನು ಕಣ್ಣಿಗೊತ್ತಿಕೊಂಡು ಹೊರಗೆ ನಡೆದಳು. ಯಾಕೆಂದು ಮೈಮುನಾಳಿಗೆ ಯಾರೂ ಅನುವಾದಿಸಲಿಲ್ಲ.

ಸೂರ್‌ನ ಬಾಡಿಗೆ ಕೋಣೆಗೆ ಬಂದು ಅವಳು ಅನ್ನಕ್ಕಿಟ್ಟಳು, ಬೂತಾಯಿ ಕೊಯ್ಯಲು ಕೂತಳು. ಕತ್ತಿ ಹಿಡಿದ ಕೈ ನಿಂತಿತು.

"ಅಮ್ಮ ಸಾಯುವ ಹಿಂದಿನ ದಿನವೂ ಶಾಪ ಹಾಕಿದ್ರು," ಎಂದಳು. "ನೀವು ಪಕ್ಕದಲ್ಲಿ ಕೂತು 'ಬೀಳ್ಲಿ' ಅಂತ ನಗ್ತಿದ್ದಿರಿ. ನಾನೂ ನಗ್ತಿದ್ದೆ."

"ಉಮಾ, ನಿನ್ನನ್ನು ಕರೆಸ್ಲಿಕ್ಕೇ ನಾನು..."

"ಹೌದು. ಅದಕ್ಕೇ ಹೇಳುದು, ನನಗೆ ಟಿಕೆಟ್ ಮಾಡಿ. ಆ ಕರೆ ಕೊಟ್ಟು ತಂದ ಮನೇಲಿ ಕೂತು ಮೀನು ಕೊಯ್ಲಿಕ್ಕೆ ನನ್ನಿಂದಾಗುದಿಲ್ಲ."

ಜೂನ್ ಎಂಟರ ವಿಮಾನಕ್ಕೆ ಅವಳು ಹೋದಳು. ಹೊರಡುವ ಫಾರಮನ್ನು ಆಫೀಸಿನಲ್ಲಿ ಸಂಕಪ್ಪನೇ ತುಂಬಿಸಿದ: ಹೆಸರು, ಪಾಸ್‌ಪೋರ್ಟ್ ನಂಬರು, ಊರು. ಹಿಂದಿರುಗುವ ತಾರೀಕು ಎಂಬ ಖಾನೆ ಬಂದಾಗ ಪೆನ್ನು ಹಿಡಿದು ಸುಮ್ಮನೆ ಕೂತ. ಫೌಸ್ಟಿನ್ ಪರ್ಬುಗಳು ಹಿಂದಿನಿಂದ ಬಗ್ಗಿ ನೋಡಿದರು.

"ಗೊತ್ತಿಲ್ಲದಿದ್ರೆ ಗೀಟು ಹಾಕು ಮಾರಾಯಾ," ಎಂದರು.