ಹೊಲಿಗೆ ಕೋಣೆಗೆ ಬಂದ ಗಾಳಿ

ಗುಡ್ಡ ಉಸಿರಾಡುತ್ತದೆ ಎಂದು ಯಾರಾದರೂ ಹೇಳಿದ್ದರೆ ಮೊದಲು ನಗುತ್ತಿದ್ದವಳು ನಾನೇ. ಈಗ ನಗುವುದಿಲ್ಲ. ನಮ್ಮೂರು ನೆಕ್ರಾಜೆಯಲ್ಲಿ ನಾವೇ ಕಲ್ಲು ಹೊತ್ತು ಕಟ್ಟಿದ ಕೋಣೆಯಲ್ಲಿ ಕುಳಿತು ಒಂದು ಇಡೀ ಬೇಸಿಗೆ ಆ ಉಸಿರನ್ನು ಕೇಳಿದ್ದೇನೆ.

ಆಗ ನಾನು ಊರಿನ ಹೆಂಗಸರಿಗೆ ಹೊಲಿಗೆ ಕಲಿಸುತ್ತಿದ್ದೆ. ಯಂತ್ರಗಳಿದ್ದವು, ಇಡಲು ಜಾಗವಿರಲಿಲ್ಲ. ಒಬ್ಬರ ಚಾವಡಿಯಿಂದ ಇನ್ನೊಬ್ಬರ ಚಾವಡಿಗೆ ಅವನ್ನು ಹೊರಿಸಿ ಹೊರಿಸಿ ನನಗೆ ಸಾಕೋ ಸಾಕಾಗಿತ್ತು. ಕಡೆಗೆ ಊರಿನ ಯುವಕ ಕ್ಲಬ್ಬಿನ ಗಂಡಸರೂ ನಾವೂ ಸೇರಿ ಶ್ರಮದಾನದಲ್ಲಿ ಒಂದು ಕೋಣೆ ಕಟ್ಟುವುದೆಂದಾಯಿತು. ಜಾಗ ಕೊಟ್ಟವಳು ಗುಡ್ಡದ ಬುಡದಲ್ಲಿ ಒಬ್ಬಳೇ ಇದ್ದ ಹೆಂಗಸು. ನಮಗೆಲ್ಲ ಅವಳು ಅಕ್ಕ. ಅವಳ ಗಂಡ ಸುರಂಗ ತೋಡುವವನಾಗಿದ್ದ. ಗುಡ್ಡದ ಹೊಟ್ಟೆಯನ್ನು ಅಡ್ಡಕ್ಕೆ ಕೊರೆದು ನೀರು ತರುವ ಕೆಲಸ. ಹಲವು ವರ್ಷಗಳ ಹಿಂದೆ, ಮಳೆಗಾಲದ ಒಂದು ಸಂಜೆ, ಇಬ್ಬರಿಗೂ ಜೋರು ಜಗಳವಾಗಿತ್ತು. ಬೆಳಗಾಗುವಾಗ ಆಳಿಲ್ಲ. ಬೊಂಬಾಯಿಗೆ ಹೋಗಿದ್ದಾನೆ ಎಂದು ಸುದ್ದಿಯಾಯಿತು. ಆಮೇಲೆ ಪತ್ತೆಯೇ ಇಲ್ಲ.

ಅಕ್ಕನ ಕುಂಕುಮ, ಕರಿಮಣಿ ಹಾಗೆಯೇ ಇದ್ದವು. "ಬೊಂಬಾಯಿಗೆ ಹೋದವರು ಒಂದು ದಿನ ಬಂದ್ರೂ ಬರಬಹುದಲ್ಲ" ಎನ್ನುತ್ತಿದ್ದಳು. ಆ ಒಂದು ಮಾತಿನ ಮೇಲೆ ಅವಳ ಬದುಕು ನಿಂತಿತ್ತು. ನಾವೂ ಹೂಂಗುಟ್ಟುತ್ತಿದ್ದೆವು. ಇನ್ನೇನು ಹೇಳುವುದು?

ಕೋಣೆಯ ನಕ್ಷೆ ಹಾಕಿದ್ದು ಪೇಟೆಯಿಂದ ಬಂದ ಗಡ್ಡದ ಎಂಜಿನಿಯರ್. ಗುಡ್ಡದಲ್ಲಿದ್ದ ಹುತ್ತವೊಂದರ ಸುತ್ತ ಅವನು ಪ್ರದಕ್ಷಿಣೆ ಬಂದದ್ದೇ ಬಂದದ್ದು. "ಇದರೊಳಗೆ ಫ್ಯಾನ್ ಉಂಟಾ ಮೇಡಂ? ಆದರೂ ತಂಪು. ನಾವೂ ಹುತ್ತದ ಹಾಗೇ ಕಟ್ಟುವ" ಎಂದ. ಅಕ್ಕನ ಗಂಡ ತನ್ನ ಹಿತ್ತಿಲಲ್ಲೇ ತೋಡಿದ್ದ ಸುರಂಗವೊಂದು ನೀರು ಬರುವುದು ನಿಂತು, ಬಾಯಿಗೆ ಮುಳ್ಳು ಒಟ್ಟಿಸಿಕೊಂಡು ಬಿದ್ದಿತ್ತು. ಒಳಗೆಲ್ಲೋ ಕುಸಿದಿದೆ ಎಂದು ಗೊತ್ತಿತ್ತು. ಹಳೆಯ ಸುರಂಗ ಕುಸಿಯುವುದು ನಮ್ಮಲ್ಲಿ ಹೊಸ ಸಂಗತಿಯೇನಲ್ಲ. ಕೋಣೆಯ ಹಿಂದಿನ ಗೋಡೆಯನ್ನು ಆ ಬಾಯಿಗೇ ಸೇರಿಸಿ ಕಟ್ಟಿ, ಕಿಟಕಿಯಷ್ಟು ಜಾಗ ತೆರೆದು ಬಿಟ್ಟೆವು. ಕೋಣೆಯ ಮಾಡಿನ ಮೇಲೆ ಹುತ್ತದ ಕೋಡುಗಳಂತೆ ಮಣ್ಣಿನ ಟೊಳ್ಳು ಕೊಳವೆಗಳನ್ನು ನಿಲ್ಲಿಸಿದೆವು. ಬಿಸಿಲಿಗೆ ಕೊಳವೆ ಕಾದರೆ ಬಿಸಿಗಾಳಿ ಮೇಲಕ್ಕೆ ಹೋಗುತ್ತದೆ, ಆ ಜಾಗಕ್ಕೆ ಸುರಂಗದ ತಂಪು ಬರುತ್ತದೆ. ಇದು ಲೆಕ್ಕ. ಬಂದಿತು ಕೂಡ! ನೆತ್ತಿ ಸುಡುವ ಮಧ್ಯಾಹ್ನವೂ ಹೆಂಗಸರು ಸೆರಗು ಹೊದ್ದು ಹೊಲಿಯುತ್ತಿದ್ದರು. ನನ್ನ ಜಂಬಕ್ಕೆ ಮಿತಿಯಿರಲಿಲ್ಲ.

ಒಂದು ಸಂಜೆ ಬಾಗಿಲು ಹಾಕಲು ಹೊರಟಾಗ ನೆಲದ ಮೇಲಿದ್ದ ಬಟ್ಟೆಯ ಚೂರುಗಳು ಒಂದೊಂದಾಗಿ ಸರಿದು ಸುರಂಗದ ಬಾಯಿಯ ಕಡೆಗೆ ಹೊರಟವು. ಬಾಗಿಲಿನಿಂದ ಗಾಳಿ ಬೀಸಿರಲಿಲ್ಲ. ನಾನು ಎಂಜಿನಿಯರಿಗೆ ಫೋನ್ ಮಾಡಿದೆ. "ಹೊರಗೆ ತಂಪಾದರೆ ಗಾಳಿ ತಿರುಗ್ತದೆ ಮೇಡಂ, ಒಳಗೆ ಎಳ್ಕೊಳ್ತದೆ. ಸೈನ್ಸ್" ಎಂದ. ಸೈನ್ಸೇ ಇರಲಿ ಮಾರಾಯ, ಸೈನ್ಸಿಗೆ ಕೆಮ್ಮು ಯಾಕೆ? ಗಾಳಿ ತಿರುಗುವ ಹೊತ್ತಿಗೆ ಒಳಗೆ ಏನೋ ಸಿಕ್ಕಿಹಾಕಿಕೊಂಡಂತೆ ಸದ್ದಾಗುತ್ತಿತ್ತು. ಗಂಟಲು ಒಣಗಿದ ಮನುಷ್ಯ ನಿದ್ದೆಯಲ್ಲಿ ಕೆಮ್ಮಿದ ಹಾಗೆ. ಕುಸಿದ ಮಣ್ಣಿನ ಸಂದಿಯಲ್ಲಿ ಗಾಳಿ ನುಗ್ಗುವ ಸದ್ದು ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಬೀಗ ಹಾಕಿದ ಮೇಲೆ ಎರಡೆರಡು ಸಲ ಎಳೆದು ನೋಡುತ್ತಿದ್ದೆ.

ಅಕ್ಕ ದಿನಾ ಬರತೊಡಗಿದಳು. ಸೂಜಿಗೆ ನೂಲು ಪೋಣಿಸಲೂ ಬಾರದವಳು, ಬಂದು ಆ ಬಾಯಿಯ ಪಕ್ಕದಲ್ಲಿ ಗೋಡೆಗೆ ಒರಗಿ ಕೂರುತ್ತಿದ್ದಳು. ಒಮ್ಮೆ ಮೆಲ್ಲಗೆ ಕೇಳಿದಳು, "ನಶ್ಯದ ಪರಿಮಳ ಬರ್ತದೆ ಅಲ್ಲವಾ?"

ನನಗೆ ಹಸಿಮಣ್ಣಿನ ವಾಸನೆ ಬಿಟ್ಟು ಬೇರೇನೂ ಬರಲಿಲ್ಲ. ಆದರೂ ಹೂಂ ಎಂದೆ. ಅವಳ ಗಂಡ ನಶ್ಯ ಏರಿಸುತ್ತಿದ್ದನೆಂದು ಊರಿಗೆಲ್ಲ ಗೊತ್ತಿತ್ತು.

ಒಬ್ಬೊಬ್ಬರೇ ಕ್ಲಾಸು ಬಿಟ್ಟರು. ಕೆಮ್ಮು ಜೋರಾಯಿತು. ಒಳಗಿನ ಮಣ್ಣು ತೆಗೆದರೆ ಸದ್ದು ನಿಲ್ಲುತ್ತದೆ, ಯಾರಾದರೂ ಹೋಗಿ ನೋಡಬೇಕು ಎಂದು ಕ್ಲಬ್ಬಿನವರು ತೀರ್ಮಾನಿಸಿದರು. ಯಾರು ಹೋಗುವುದು ಎಂದಾಗ ಮೀಸೆಗಳೆಲ್ಲ ಒಂದರ ಮುಖ ಒಂದು ನೋಡಿದವು. ನನಗೆ ಪಿತ್ತ ನೆತ್ತಿಗೇರಿತು. ಸೀರೆ ಎತ್ತಿ ಕಟ್ಟಿ, ಮೊಬೈಲಿನ ಟಾರ್ಚ್ ಹಿಡಿದು ನಾನೇ ಹೊಕ್ಕೆ.

ಸ್ವಲ್ಪ ದೂರ ಬಗ್ಗಿ ನಡೆದೆ, ಆಮೇಲೆ ತೆವಳಿದೆ. ಗೋಡೆಯಲ್ಲಿ ದೀಪ ಇಡುವ ಗೂಡುಗಳು, ಅವುಗಳ ಮೇಲೆ ಮಸಿ. ಕೊನೆಗೆ ಕುಸಿದ ಕೆಂಪು ಮಣ್ಣಿನ ರಾಶಿ. ಅದರೊಳಗಿಂದ ಪಿಕ್ಕಾಸಿನ ಹಿಡಿ ಗೇಣುದ್ದ ಹೊರಗೆ ಚಾಚಿತ್ತು. ಬುಡದಲ್ಲಿ ಒಂದು ರಬ್ಬರ್ ಚಪ್ಪಲಿ. ಎತ್ತಿ ನೋಡಿದೆ. ಕಿತ್ತುಹೋದ ಬಾರಿಗೆ ಯಾರೋ ಪಿನ್ನು ಚುಚ್ಚಿದ್ದರು. ಅಷ್ಟರಲ್ಲಿ ಸಂದಿಯಿಂದ ಗಾಳಿ ನೇರ ನನ್ನ ಮುಖಕ್ಕೆ ಬಂತು. ತಣ್ಣಗಿರಲಿಲ್ಲ. ದೇವರಾಣೆ, ಬೆಚ್ಚಗಿತ್ತು. ತಿರುಗಲು ಜಾಗವಿಲ್ಲದೆ ಹಿಮ್ಮುಖವಾಗಿಯೇ ತೆವಳಿ ಹೊರಗೆ ಬಿದ್ದೆ. ಚಪ್ಪಲಿ ಕೈಯಲ್ಲೇ ಇತ್ತು.

ಅಕ್ಕ ಎದುರಿಗೇ ನಿಂತಿದ್ದಳು. ನೋಡಿದಳು. "ಪಿನ್ನು ನಾನೇ ಹಾಕಿ ಕೊಟ್ಟದ್ದು" ಎಂದಳು.

ಅವಳೇ ಮತ್ತೆ ಹೇಳಿದಳು: "ಜಗಳದ ಮರುದಿನ ಬೆಳಿಗ್ಗೆ ಸುರಂಗದ ನೀರು ಮಣ್ಣು ಕಲಸಿ ಕೆಂಪಾಗಿ ಬಂದಿತ್ತು. ನಾನು ನೋಡಿದ್ದೆ. ಬೊಂಬಾಯಿ ಅಂತ ಮೊದಲು ಹೇಳಿದ್ದೂ ನಾನೇ. ಹೇಳಿ ಹೇಳಿ ನನಗೇ ನಿಜ ಆಯ್ತು."

ನನಗೆ ಅಳು ಬಂತು, ಸಿಟ್ಟೂ ಬಂತು. ಅವಳ ಮೇಲೋ, ಆ ಗುಡ್ಡದ ಮೇಲೋ, ತಿಳಿಯಲಿಲ್ಲ. ಅಗೆದು ತೆಗೆಯೋಣ, ಪೊಲೀಸ್ ಸ್ಟೇಷನ್ನಿಗೆ ಹೇಳೋಣ ಎಂದು ಒಬ್ಬ ಶುರುಮಾಡಿದ. ಅಕ್ಕ ತಲೆಯಾಡಿಸಿದಳು. "ಮಣ್ಣು ಮುಟ್ಟಿದರೆ ಮೇಲಿನದ್ದೂ ಬೀಳ್ತದೆ. ಇನ್ನೊಬ್ಬಳು ನನ್ನ ಹಾಗೆ ಕಾಯುವುದು ಬೇಡ. ಬಾಯಿ ಕಟ್ಟಿಬಿಡಿ."

ಮರುದಿನ ಕೆಂಪುಕಲ್ಲು ತಂದು ಕಟ್ಟಿದೆವು. ಸಂಜೆಯಾಗುವಾಗ ಒಂದೇ ಕಲ್ಲಿನ ಜಾಗ ಉಳಿದಿತ್ತು. ನಾನು ಗಾರೆಯ ಬಾಣಲೆ ಹಿಡಿದು ನಿಂತಿದ್ದೆ. ಅಕ್ಕ, "ಸ್ವಲ್ಪ ನಿಲ್ಲು ಮಾರಾಯ್ತಿ" ಎಂದು ಮುಂದೆ ಬಂದಳು. ನಮ್ಮ ಕಡೆಯ ಆ ಪ್ರಾಯದ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ರೇಷನ್ ಕಾರ್ಡಿನ ಆಫೀಸಿನಲ್ಲಿ ಕೇಳಿದಾಗಲೂ ಅವಳು ಪಕ್ಕದಲ್ಲಿದ್ದ ನನ್ನಿಂದ ಹೇಳಿಸಿದ್ದಳು. ಈಗ ಆ ತೂತಿಗೆ ಬಾಯಿ ಇಟ್ಟು ಅವನ ಹೆಸರು ಹಿಡಿದು ಕರೆದಳು. ಊಟಕ್ಕೆ ಕರೆಯುವ ಸ್ವರದಲ್ಲಿ. ಆಮೇಲೆ, "ಸಿಟ್ಟು ಬಿಟ್ಟಿರಾ?" ಎಂದು ಕೇಳಿ, ಕಿವಿ ಇಟ್ಟಳು.

ಎಷ್ಟು ಹೊತ್ತು ಹಾಗೆ ನಿಂತಳೆಂದರೆ, ಬಾಣಲೆಯ ಗಾರೆ ಗಟ್ಟಿಯಾಗಿ ನಾನು ಮತ್ತೆ ನೀರು ಹಾಕಿ ಕಲಸಬೇಕಾಯಿತು. ಕಡೆಗೆ, "ಸಾಕು, ಇಡುವ" ಎಂದು ಕಲ್ಲಿನ ಇನ್ನೊಂದು ಬದಿಯನ್ನು ಅವಳೇ ಹಿಡಿದಳು.