ನಿಲ್ಲಿಸಬಾರದ ಕೆಂಪು ಕಾರು

ನನ್ನ ಕೆಂಪು ಕಾರು ಪುಟ್ಟದು, ಎರಡೇ ಬಾಗಿಲಿನದು. ತಿರುವಿನಲ್ಲಿ ಅದರ ಮಜಾನೇ ಬೇರೆ. ಆದರೆ ಯಾವಾಗ ಕೈಕೊಡುತ್ತೋ ಹೇಳೋಕಾಗಲ್ಲ.

ಅವತ್ತು ಕುಣಿಗಲ್ ಕೆರೆ ಏರಿ ಹತ್ತಿರ ನಿಂತೇಬಿಟ್ಟಿತು. ವೀಳ್ಯದೆಲೆ ಚೀಲ ಹಿಡಿದು ಬಸ್ಸಿಗೆ ಕಾಯುತ್ತಿದ್ದ ಹಿರಿಯರೊಬ್ಬರು ಪಂಚೆ ಎತ್ತಿ ಕಟ್ಟಿ ತಳ್ಳಿಕೊಟ್ಟರು. ಎಂಜಿನ್ ಸ್ಟಾರ್ಟ್ ಆಯ್ತು.

"ಹತ್ಕಳಿ ಯಜಮಾನ್ರೇ, ಬಿಡ್ತೀನಿ! ಎಂಜಿನ್ ಬಿಸಿ ಆಗೋಗಂಟ ನಿಲ್ಸಂಗಿಲ್ಲ, ಆಫ್ ಆಗೋಯ್ತದೆ!"

ಅವರು ಚೀಲದ ಸಮೇತ ಓಡಿಬಂದು ಒಳಗೆ ಬಿದ್ದರು. ಮೊಮ್ಮಗಳ ನಾಮಕರಣಕ್ಕೆ ಛತ್ರಕ್ಕೆ ಹೊರಟಿದ್ದರಂತೆ. ಛತ್ರದ ಮುಂದೆ ನಿಂತಿದ್ದ ಅವರ ಹೆಂಡತಿ ಕಾರಿನಲ್ಲಿ ಗಂಡನನ್ನು ಕಂಡು ಕೈ ಅಡ್ಡ ಹಿಡಿದರು. ನಾವು ಭರ್ರನೆ ಮುಂದೆ ಹೋದೆವು. ತಕ್ಷಣ ಫೋನ್ ಬಂತು.

"ಎಲೆ ಇಲ್ದೆ ಶಾಸ್ತ್ರ ನಿಂತದೆ, ಎಲ್ಲಿಗ್ರೀ ಹೋಯ್ತಾ ಇದೀರಾ?"

"ಗಾಡಿ ನಿಲ್ಲಲ್ವಂತೆ ಕಣೇ, ನಾನೇನ್ ಮಾಡ್ಲಿ?" ಅಂದರು. ಮುಖದಲ್ಲಿ ಮಾತ್ರ ಹಬ್ಬ.

ಸುತ್ತು ಹಾಕಿ ಮತ್ತೆ ಛತ್ರದ ಬೀದಿಗೆ ತಿರುಗುವಾಗ ನಾನು, "ಎಂಜಿನ್ ಬಿಸಿ ಆಯ್ತು, ಈಗ ನಿಲ್ಲಿಸಬಹುದು" ಅಂದೆ.

ಅವರು ಫೋನನ್ನು ಎದೆಗೆ ಒತ್ತಿ ಹಿಡಿದರು. "ಮೆತ್ತಗೆ ಮಾತಾಡಪ್ಪ, ಅವಳು ಕೇಳುಸ್ಕೊಂಡಾಳು! ಇನ್ನೊಂದ್ ರೌಂಡ್ ಹೊಡಿ."

ಈ ಕಾರು ಕೆಟ್ಟಿದ್ದಕ್ಕೆ ಬೈದವರು ಬೇಕಾದಷ್ಟು ಜನ ಇದ್ದಾರೆ. ಸರಿಹೋಗಿದ್ದಕ್ಕೆ ಬೇಜಾರು ಮಾಡಿಕೊಂಡವರು ಅವರೊಬ್ಬರೇ.