ಹೆಬ್ಬಾಳದ ದಾರಿಯಲ್ಲಿ ಅಪ್ಪನ ನೀರು

ಅಪ್ಪ ಮೈಸೂರಿನ ಹೆಬ್ಬಾಳದ ಒಂದು ಗಾರ್ಮೆಂಟ್ಸ್ ಕಾರ್ಖಾನೆಗೆ ಬಾಡಿಗೆ ಬಸ್ಸು ಓಡಿಸುತ್ತಾರೆ. ಬೆಳಿಗ್ಗೆ ಹೆಣ್ಣುಮಕ್ಕಳನ್ನು ಕಾರ್ಖಾನೆಗೆ ಬಿಡುವುದು, ನಡುವೆ ಶಾಲೆಯ ಮಕ್ಕಳ ಟ್ರಿಪ್ಪು, ಸಂಜೆ ಮತ್ತೆ ಹೆಬ್ಬಾಳ. ಅವರಿಗೆ ಬೀಡಿಯಿಲ್ಲ, ಕುಡಿತವಿಲ್ಲ, ಭಾನುವಾರ ವಾಕಿಂಗ್ ತಪ್ಪಿಸುವುದಿಲ್ಲ. ಹಾಗಾಗಿ ಕಳೆದ ಬೇಸಿಗೆಯಲ್ಲಿ ಅವರು ಸೊಂಟ ಹಿಡಿದುಕೊಂಡು ನಡುಮನೆಯಲ್ಲಿ ಕುಸಿದಾಗ ನಮಗೆ ಏನೂ ತೋಚಲಿಲ್ಲ.

ಕಿಡ್ನಿಯಲ್ಲಿ ಕಲ್ಲು. ಅದೇನೋ ಔಷಧಿಗೆ ಹೋಯಿತು. ಆದರೆ ಸ್ಕ್ಯಾನಿನಲ್ಲಿ ಇನ್ನೊಂದು ಸಣ್ಣದು ಕಂಡಿತ್ತು.

"ನೀರು ಕುಡೀತೀರಾ?" ಎಂದು ಕೇಳಿದರು ಡಾಕ್ಟರು.

"ಕುಡೀತೀನಿ ಸಾರ್. ರಾತ್ರಿ ಮನೆಗೆ ಬಂದ್ಮೇಲೆ."

"ಹಗಲೊತ್ತು?"

ಅಪ್ಪ ಗೋಡೆ ನೋಡಿದರು.

"ಇದೇ ನೋವು ಸ್ಟೇರಿಂಗ್ ಹಿಡ್ದಾಗ ಬಂದ್ರೆ? ಹಿಂದೆ ಅಷ್ಟು ಜನ ಕೂತಿರ್ತಾರಲ್ರೀ."

ಆ ಮಾತು ಅಪ್ಪನಿಗೆ ತಾಗಿತು. ಆದರೂ ಕಾರಣ ಬಾಯಿಬಿಟ್ಟದ್ದು ಮನೆಯಲ್ಲಿ, ಅಮ್ಮ ಪಟ್ಟು ಹಿಡಿದ ಮೇಲೆ. ಬಾಡಿಗೆ ಬಸ್ಸಿನ ಡ್ರೈವರುಗಳನ್ನು ಕಾರ್ಖಾನೆಯ ಗೇಟಿನೊಳಗೆ ಬಿಡುವುದಿಲ್ಲ. ಹೊರಗೆ ಶೌಚಾಲಯವಿಲ್ಲ.

"ಮೈಸೂರಲ್ಲಿ ಗಂಡಸ್ರಿಗೆ ಗೋಡೆ ಬರ ಬಂದ್ಬುಟ್ಟಿದ್ಯಾ?" ಎಂದಳು ಅಮ್ಮ.

"ಬಸ್ ತುಂಬ ಹೆಣ್ಮಕ್ಳು ಕಣೇ, ನಮ್ಮ ಮಗಳ ವಯಸ್ಸಿನೋರು. ಅವರೆದುರಿಗೆ ಇಳ್ದು ಗೋಡೆಗೆ ನಿಂತ್ಕೊಳ್ಳಲಾ?"

ಅಮ್ಮ ನಕ್ಕಳು. ನನಗೆ ನಗು ಬರಲಿಲ್ಲ. ಕಾಲೇಜಿನ ದಿನಗಳಲ್ಲಿ ನಾನೂ ಮನೆಗೆ ಬರುವವರೆಗೆ ನೀರು ಮುಟ್ಟುತ್ತಿರಲಿಲ್ಲ. ಅದನ್ನು ಯಾರಿಗೂ ಹೇಳಿಯೂ ಇರಲಿಲ್ಲ.

ಅಡುಗೆಮನೆಯಲ್ಲಿ ಬಾಳೆದಿಂಡಿನ ಪಲ್ಯ ಶುರುವಾಯಿತು, ಬಾರ್ಲಿ ನೀರು ಶುರುವಾಯಿತು. ಪಲ್ಯ ಖಾಲಿಯಾಗುತ್ತಿತ್ತು. ಬಾಟಲಿಯಲ್ಲಿ ಹೋದ ಬಾರ್ಲಿ ನೀರು ಹಾಗೆಯೇ ಸಂಜೆ ವಾಪಸ್ಸು ಬರುತ್ತಿತ್ತು.

ಒಂದು ಸಂಜೆ ನನಗೆ ಹೆಬ್ಬಾಳದ ಕಡೆ ಕೆಲಸವಿತ್ತು. ಅಪ್ಪನ ಬಸ್ಸಿನಲ್ಲೇ ರಾಜೀವನಗರದ ಮನೆಗೆ ಹಿಂದಿರುಗೋಣವೆಂದು ಹತ್ತಿದೆ. ಹೊರಡುವ ಮೊದಲು ನೀರು ಕೊಡಹೋದರೆ ಅಪ್ಪ, "ಆಮೇಲೆ ಕಣಮ್ಮ," ಎಂದರು. ನನ್ನ ಪಕ್ಕದಲ್ಲಿ ಕುಳಿತಿದ್ದ ನಡುವಯಸ್ಸಿನ ಹೆಂಗಸು ನನ್ನ ಮುಖ ನೋಡಿದಳು.

"ಅಣ್ಣನ ಮಗಳಾ ನೀನು? ಕಲ್ಲಾಗಿತ್ತಂತೆ, ಹೌದಾ?"

ನಾನು ತಲೆಯಾಡಿಸಿದೆ.

"ಆಗ್ದೆ ಇನ್ನೇನು. ನಾವೂ ಅಷ್ಟೇ. ಒಳಗಡೆ ಎದ್ದು ಹೋದ್ರೆ ಸೂಪರ್‌ವೈಸರ್ ಗಡಿಯಾರ ನೋಡ್ತಾನೆ, ಹೊರಗಡೆ ಬಂದ್ರೆ ಬಸ್ಸು ನಿಲ್ಲಲ್ಲ." ಆಮೇಲೆ ದನಿಯೇರಿಸಿ, "ಅಣ್ಣಾ, ರಿಂಗ್ ರಸ್ತೆ ಪೆಟ್ರೋಲ್ ಬಂಕಲ್ಲಿ ಚೂರು ನಿಲ್ಸಿ. ಅಲ್ಲಿ ಕ್ಲೀನಾಗೈತೆ," ಎಂದಳು.

"ಟೈಮಾಯ್ತದೆ ಕಣವ್ವ. ಕಂಪ್ಲೇಂಟ್ ಕೊಡ್ತಾರೆ."

"ಯಾರು ಕೊಡೋರು? ಬಸ್ಸಲ್ಲಿರೋದು ನಾವೇ ತಾನೆ?"

ಹಿಂದಿನಿಂದ ಇನ್ನೊಬ್ಬಳು ಕೂಗಿದಳು: "ನೀವು ರಜ ಹಾಕಿದ್ದಾಗ ಬಂದಿದ್ನಲ್ಲ ಆ ಮಹಾರಾಯ, ಬ್ರೇಕ್ ಹಾಕ್ದೇಟ್ಗೆ ನಾವೆಲ್ಲ ಮುಂದಿನ ಸೀಟ್ಗೇ ಬರ್ತಿದ್ದೋ! ನೀವು ಮತ್ತೆ ಮಲಗ್ಬುಟ್ರೆ ನಮ್ಮ ಹಲ್ಲು ಉಳಿಯಲ್ಲ ಅಣ್ಣ. ನಿಲ್ಸಿ!"

ಬಸ್ಸಿಗೆ ಬಸ್ಸೇ ನಕ್ಕಿತು. ಕನ್ನಡಿಯಲ್ಲಿ ಅಪ್ಪನ ಕಿವಿ ಕೆಂಪಾದದ್ದು ಕಾಣುತ್ತಿತ್ತು. ಬಂಕ್ ಬಂದಾಗ ಇಂಡಿಕೇಟರ್ ಹಾಕಿ, ಬಸ್ಸನ್ನು ನಿಧಾನವಾಗಿ ಎಡಕ್ಕೆ ತಂದು ನಿಲ್ಲಿಸಿದರು.

ಇಳಿಯಲು ಮನಸ್ಸಿದ್ದವರೆಲ್ಲ ಇಳಿದು ವಾಪಸ್ಸು ಬಂದರು. ನಾನೂ ಹೋಗಿಬಂದೆ. ಅಪ್ಪ ಮಾತ್ರ ಸೀಟಿನಲ್ಲೇ ಇದ್ದರು. ಆ ಹೆಂಗಸು ನನ್ನ ಕಡೆ ತಿರುಗಿ, ಸಿದ್ಧಾರ್ಥನಗರದಲ್ಲಿ ತನ್ನ ಮಗಳಿಗೆ ನೋಡಿರುವ ಟ್ಯೂಷನ್ನಿನ ಬಗ್ಗೆ ಮಾತು ತೆಗೆದಳು. ಉಳಿದವರೂ ಫೋನು, ಚೀಲಗಳಲ್ಲಿ ಮುಳುಗಿದರು. ಯಾರೂ ಮುಂದೆ ನೋಡುತ್ತಿರಲಿಲ್ಲ. ಅಪ್ಪ ಮೆಲ್ಲಗೆ ಬಾಗಿಲು ತೆರೆದು ಇಳಿದರು.

ಹಿಂದಿರುಗಿ ಬಂದು, ಇಂಜಿನ್ ಚಾಲೂ ಮಾಡುವ ಮೊದಲು, ಯಾರೂ ಹೇಳದೆಯೇ ನೀರು ಕುಡಿದರು.

ಕೆಲವು ವಾರಗಳಾದ ಮೇಲೆ ಅಮ್ಮ ಊಟದ ಹೊತ್ತಿನಲ್ಲಿ, "ದಿನಾ ಬಂಕಲ್ಲಿ ಹಂಗೆ ನಿಲ್ಸಿದ್ರೆ ಟ್ರಾವೆಲ್ಸ್‌ನೋರು ಬೈಯಲ್ವೇನ್ರೀ?" ಎಂದು ಕೇಳಿದಳು.

"ಬೈದ್ರು," ಎಂದರು ಅಪ್ಪ, ಸಾರಿಗೆ ಕೈ ಚಾಚುತ್ತ. "ಬಸ್ಸಿಗ್ ಹತ್ತಿ, ಇನ್ಮೇಲೆ ನಿಲ್ಸಲ್ಲ ಅಂತ ನೀವೇ ಆ ಹೆಣ್ಮಕ್ಳಿಗೆ ಹೇಳ್ಬುಡಿ ಸಾರ್ ಅಂದೆ. ಇನ್ನೂ ಯಾರೂ ಹತ್ತಿಲ್ಲ."